ಪೆಟ್ರೋಲಿನ ತಾಳ್ಮೆ ಅಳೆದ ಕಥೆ

ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದ ಕೂಡಲೇ ಹುಡುಗ ಕೇಳುತ್ತಾನೆ: ‘ಸಾದಾ ಹಾಕ್ಲಾ ಸಾರ್, ಪ್ರೀಮಿಯಂ ಹಾಕ್ಲಾ?’ ಹಿಂದಿನ ಗಾಡಿಯವರು ಹಾರ್ನ್ ಒತ್ತುತ್ತಿರುತ್ತಾರೆ, ಯೋಚಿಸಲು ಪುರುಸೊತ್ತಿಲ್ಲ. ಹೊಸ ಕಾರು ಕೊಂಡವರು ‘ದುಬಾರಿಯದೇ ಹಾಕಪ್ಪಾ, ಎಂಜಿನ್‌ಗೆ ಒಳ್ಳೇದು’ ಎನ್ನುತ್ತಾರೆ. ಹಳೆಯ ಕಾರಿನವರು ‘ಸಾದಾ ಸಾಕು’ ಎನ್ನುತ್ತಾರೆ. ಪಂಪಿನ ಮೇಲಿನ 95, 100 ಎಂಬ ಅಂಕಿ ಏನನ್ನು ಹೇಳುತ್ತದೆ ಎಂದು ಕೇಳಿನೋಡಿ. ಅದು ಪೆಟ್ರೋಲಿನ ಶಕ್ತಿಯೆಂದೇ ಇಬ್ಬರೂ ಹೇಳುತ್ತಾರೆ.

ವಾಸ್ತವವಾಗಿ ಆ ಅಂಕಿಗೂ ಶಕ್ತಿಗೂ ನೇರ ಸಂಬಂಧವೇ ಇಲ್ಲ. ಅದು ಅಳೆಯುವುದು ಪೆಟ್ರೋಲಿನ ತಾಳ್ಮೆಯನ್ನು. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅಮುಕುತ್ತದೆ. ಅಮುಕಿದಷ್ಟೂ ಮಿಶ್ರಣ ಬಿಸಿಯೇರುತ್ತದೆ. ಆಗ ಪ್ಲಗ್ ಕಿಡಿ ಹಾರಿಸಬೇಕು, ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹಬ್ಬಬೇಕು. ತಾಳ್ಮೆಗೆಟ್ಟ ಪೆಟ್ರೋಲು ಅಷ್ಟು ಹೊತ್ತು ಕಾಯುವುದಿಲ್ಲ. ಜ್ವಾಲೆ ತನ್ನ ಬಳಿ ಬರುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಹೊತ್ತಿ ಸಿಡಿಯುತ್ತದೆ. ಆ ಸಿಡಿತದ ಪೆಟ್ಟು ಲೋಹದ ಗೋಡೆಗೆ ಬಡಿದಾಗ ಕೇಳುವ ‘ಕಟಕಟ’ ಸದ್ದನ್ನೇ ಮೆಕ್ಯಾನಿಕ್‌ಗಳು ‘ನಾಕಿಂಗ್’ ಎನ್ನುವುದು. ತುಂಬಿದ ಗಾಡಿಯನ್ನು ಟಾಪ್ ಗೇರಿನಲ್ಲೇ ಘಾಟಿ ಹತ್ತಿಸಿದವರಿಗೆ ಈ ಸದ್ದಿನ ಪರಿಚಯವಿರುತ್ತದೆ. ಹೀಗೇ ಬಹುಕಾಲ ಬಡಿಸಿಕೊಂಡ ಪಿಸ್ಟನ್ ತೂತು ಬೀಳುವುದೂ ಉಂಟು.

ಈ ತಾಳ್ಮೆಗೆ ಅಂಕಿಯೊಂದು ಬೇಕಾಗಿ ಬಂದದ್ದು ಸುಮಾರು ನೂರು ವರ್ಷಗಳ ಹಿಂದೆ, ಅಮೆರಿಕದಲ್ಲಿ. ಅಲ್ಲಿನ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ಕಾರಿಗೆ ವಿದ್ಯುತ್ ಸ್ಟಾರ್ಟರ್ ಅಳವಡಿಸಿ ಹೆಸರಾದವರು. 1912ರ ಕ್ಯಾಡಿಲಾಕ್ ಕಾರಿಗೆ ಅದು ಬಂದ ಮೇಲೆ ಹ್ಯಾಂಡಲ್ ಹೊಡೆದು ಕೈ ಮುರಿದುಕೊಳ್ಳುವ ಕಷ್ಟ ತಪ್ಪಿತು. ಆದರೆ ಎಂಜಿನ್ ಬಡಿದಾಗಲೆಲ್ಲ ಜನ ದೂರಿದ್ದು ಕೆಟರಿಂಗರ ಬ್ಯಾಟರಿ ಕಿಡಿಯನ್ನೇ. ಆ ಆಪಾದನೆಯಿಂದ ಪಾರಾಗಲು ಅವರು 1916ರಲ್ಲಿ ತಮ್ಮ ಪ್ರಯೋಗಾಲಯಕ್ಕೆ ಸೇರಿದ ಥಾಮಸ್ ಮಿಡ್ಜ್‌ಲಿ ಎಂಬ ತರುಣ ಎಂಜಿನಿಯರಿಗೆ ಕೆಲಸ ವಹಿಸಿದರು. ಒಳಗಿನ ಒತ್ತಡವನ್ನು ದಾಖಲಿಸಿ ನೋಡಿದಾಗ ತಪ್ಪು ಕಿಡಿಯದಲ್ಲ, ಇಂಧನದ್ದು ಎಂಬುದು ಖಚಿತವಾಯಿತು.

ಮುಂದಿನದು ಕುರುಡು ಹುಡುಕಾಟ. ಇಂಧನಕ್ಕೆ ಕೆಂಪು ಬಣ್ಣ ಬೆರೆಸಿದರೆ ಶಾಖ ಹೀರಿ ಬೇಗ ಆವಿಯಾದೀತು ಎಂಬ ಊಹೆಯೊಂದಿತ್ತು. ಕೈಗೆ ಸಿಕ್ಕ ಅಯೋಡಿನ್ ಹಾಕಿ ನೋಡಿದರು, ಬಡಿತ ನಿಂತಿತು! ನಿಜವಾದ ಕೆಂಪು ಬಣ್ಣಗಳನ್ನು ಹಾಕಿದರೆ ಏನೂ ಆಗಲಿಲ್ಲ. ಊಹೆ ಸುಳ್ಳಾಗಿತ್ತು, ಫಲ ಮಾತ್ರ ನಿಜ. ಅಲ್ಲಿಂದ ಸಿಕ್ಕಸಿಕ್ಕ ರಾಸಾಯನಿಕವನ್ನೆಲ್ಲ ಎಂಜಿನ್ನಿಗೆ ಉಣಿಸಿದರು. ಟೆಲ್ಯೂರಿಯಂ ಕೆಲಸ ಮಾಡಿತಾದರೂ ಅದರ ದುರ್ವಾಸನೆ ಮೈಗೆ ಅಂಟಿ ಸ್ನಾನಕ್ಕೂ ಬಿಡದಂತಾಯಿತು. ಕೊನೆಗೆ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಸಿಕ್ಕಿತು. ಒಂದು ಗ್ಯಾಲನ್ ಪೆಟ್ರೋಲಿಗೆ ಟೀ ಚಮಚದಷ್ಟೂ ಬೇಡ, ಬಡಿತ ಮಾಯ.

ಬಡಿತ ನಿಂತರೆ ಏನು ಲಾಭ? ಎಂಜಿನ್ ಮಿಶ್ರಣವನ್ನು ಎಷ್ಟು ಹೆಚ್ಚು ಅಮುಕುತ್ತದೋ ಅಷ್ಟು ಹೆಚ್ಚು ಕೆಲಸ ಅದೇ ಇಂಧನದಿಂದ ಹೊರಡುತ್ತದೆ. ಫೋರ್ಡರ ಮಾಡೆಲ್ ಟಿ ಕಾರು ಮಿಶ್ರಣವನ್ನು ಸುಮಾರು ನಾಲ್ಕನೇ ಒಂದು ಗಾತ್ರಕ್ಕೆ ಮಾತ್ರ ಕುಗ್ಗಿಸುತ್ತಿತ್ತು. ಇಂದಿನ ಕಾರುಗಳು ಹತ್ತನೇ ಒಂದು ಭಾಗಕ್ಕೆ, ಕೆಲವು ಇನ್ನೂ ಕಡಿಮೆಗೆ ಕುಗ್ಗಿಸುತ್ತವೆ. ಅಂದರೆ ಮೈಲೇಜು ಮತ್ತು ಪಿಕಪ್ ಎರಡನ್ನೂ ಕೊಡುವುದು ಎಂಜಿನ್ನಿನ ವಿನ್ಯಾಸ. ತಾಳ್ಮೆಯುಳ್ಳ ಪೆಟ್ರೋಲು ಆ ವಿನ್ಯಾಸಕ್ಕೆ ಅವಕಾಶ ಮಾಡಿಕೊಡುತ್ತದೆ, ಅಷ್ಟೇ. ಇದನ್ನು ಮರೆತವರೇ ಬಂಕಿನಲ್ಲಿ ಹಣ ಕಳೆದುಕೊಳ್ಳುವವರು.

1923ರ ಫೆಬ್ರವರಿಯಲ್ಲಿ ಓಹಿಯೋ ರಾಜ್ಯದ ಡೇಟನ್ ಊರಿನಲ್ಲಿ ಸೀಸದ ಪೆಟ್ರೋಲು ಮಾರಾಟಕ್ಕೆ ಬಂತು. ಹೆಸರು ‘ಈಥೈಲ್’. ಆ ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ. ಸೀಸ ವಿಷವೆಂಬುದು ರೋಮನರ ಕಾಲದಿಂದ ತಿಳಿದಿದ್ದ ಸಂಗತಿ. ಅದೇ ವರ್ಷದ ಆರಂಭದಲ್ಲಿ ಸ್ವತಃ ಮಿಡ್ಜ್‌ಲಿ ಸೀಸದ ವಿಷ ತಗಲಿ ವಿಶ್ರಾಂತಿಗೆ ಹೋಗಬೇಕಾಗಿತ್ತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಭ್ರಮೆಗೊಳಗಾಗಿ ಸತ್ತರು, ಹಲವರು ಆಸ್ಪತ್ರೆ ಸೇರಿದರು. ಪತ್ರಕರ್ತರ ಮುಂದೆ ಮಿಡ್ಜ್‌ಲಿ ಅದೇ ದ್ರವದಲ್ಲಿ ಕೈ ತೊಳೆದು, ಅದರ ಆವಿ ಮೂಸಿ, ಅಪಾಯವಿಲ್ಲವೆಂದು ತೋರಿಸಿದರು. ಪತ್ರಿಕಾಗೋಷ್ಠಿಗಳಲ್ಲಿ ನಡೆಯುವ ನಾಟಕಗಳನ್ನು ನಮ್ಮ ವೃತ್ತಿಯವರು ಸಾಕಷ್ಟು ನೋಡಿರುತ್ತೇವೆ, ಇದರ ಸಮಕ್ಕೆ ಬರುವಂಥದು ಕಡಿಮೆ.

1925ರಲ್ಲಿ ಮಾರಾಟ ತಾತ್ಕಾಲಿಕವಾಗಿ ನಿಂತಿತು. ಕಾರ್ಮಿಕರ ಆರೋಗ್ಯ ತಜ್ಞೆ ಆಲಿಸ್ ಹ್ಯಾಮಿಲ್ಟನ್, ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಸ್ಪಷ್ಟವಾಗಿ ವಿರೋಧಿಸಿದರು. ಸರ್ಕಾರಿ ಸಮಿತಿಯೊಂದು ಕೆಲವೇ ತಿಂಗಳು ಪರಿಶೀಲಿಸಿ, ನಿಷೇಧಿಸಲು ಸಾಕಷ್ಟು ಕಾರಣವಿಲ್ಲ ಎಂದು 1926ರಲ್ಲಿ ವರದಿ ಕೊಟ್ಟಿತು. ಅಧ್ಯಯನ ಮುಂದುವರಿಯಲಿ ಎಂದೂ ಅದರಲ್ಲಿ ಹೇಳಿತ್ತು. ಮಾರಾಟ ಮುಂದುವರಿಯಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಆಲ್ಕೋಹಾಲ್ ಬೆರೆಸಿದರೆ ಎಂಜಿನ್ ಬಡಿಯುವುದಿಲ್ಲ ಎಂಬುದು ಮಿಡ್ಜ್‌ಲಿ ತಂಡಕ್ಕೆ ಮೊದಲೇ ಗೊತ್ತಿತ್ತು. ಆದರೆ ಅದನ್ನು ನೂರಕ್ಕೆ ಹತ್ತು ಇಪ್ಪತ್ತು ಪಾಲು ಬೆರೆಸಬೇಕು. ಸೀಸವಾದರೆ ಕೆಲವು ಹನಿ. ಮೇಲಾಗಿ ರೈತ ಬೆಳೆದ ಧಾನ್ಯದಿಂದ ಯಾರು ಬೇಕಾದರೂ ಇಳಿಸಬಹುದಾದ ಆಲ್ಕೋಹಾಲಿಗಿಂತ, ಪೇಟೆಂಟಿನ ಬೀಗದಲ್ಲಿದ್ದ ಸೀಸದ ವ್ಯಾಪಾರ ಕಂಪನಿಗೆ ಹೆಚ್ಚು ಲಾಭದ್ದು. ಈ ಎರಡನೆಯ ಕಾರಣಕ್ಕೇ ತೂಕ ಹೆಚ್ಚು ಎಂದು ನನಗೆ ತೋರುತ್ತದೆ.

ಆಕ್ಟೇನ್ ಅಂಕಿ ಹುಟ್ಟಿದ್ದೂ ಇದೇ ಈಥೈಲ್ ಕಂಪನಿಯ ಆಶ್ರಯದಲ್ಲಿ. ಯಾವ ಪೆಟ್ರೋಲು ಎಷ್ಟು ಬಡಿಯುತ್ತದೆ ಎಂದು ಹೋಲಿಸಲು ಎಲ್ಲರೂ ಒಪ್ಪುವ ಅಳತೆಗೋಲು ಬೇಕಿತ್ತು. ಅಲ್ಲಿನ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ 1926ರ ಸುಮಾರಿಗೆ ಎರಡು ದ್ರವಗಳನ್ನು ಆರಿಸಿಕೊಂಡರು. ಒಂದು ಐಸೋಆಕ್ಟೇನ್, ಬಹಳ ಸಹಿಸಿಕೊಳ್ಳುವಂಥದು. ಅದಕ್ಕೆ 100 ಅಂಕ. ಇನ್ನೊಂದು ಹೆಪ್ಟೇನ್, ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ ಶುದ್ಧವಾಗಿ ಸಿಗುತ್ತಿದ್ದ, ಸ್ವಲ್ಪವೂ ತಾಳದ ದ್ರವ. ಅದಕ್ಕೆ ಸೊನ್ನೆ. ನಮ್ಮ ‘ಅಷ್ಟ’ ಮತ್ತು ‘ಸಪ್ತ’ಗಳ ಗ್ರೀಕ್ ಬಂಧುಗಳೇ ಈ ‘ಆಕ್ಟ’ ಮತ್ತು ‘ಹೆಪ್ಟ’. ಅಣುವಿನಲ್ಲಿರುವ ಇಂಗಾಲದ ಎಣಿಕೆ ಅವು. 91 ಆಕ್ಟೇನ್ ಎಂದರೆ, 91 ಪಾಲು ಐಸೋಆಕ್ಟೇನಿಗೆ 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣ ಎಷ್ಟರಮಟ್ಟಿಗೆ ತಾಳುತ್ತದೋ ಈ ಪೆಟ್ರೋಲೂ ಅಷ್ಟೇ ತಾಳುತ್ತದೆ ಎಂದರ್ಥ. ಬಂಕಿನ ಪೆಟ್ರೋಲಿನಲ್ಲಿ ಅಷ್ಟು ಆಕ್ಟೇನ್ ಇದೆ ಎಂದಲ್ಲ. ಒತ್ತಡ ಹೆಚ್ಚುಕಡಿಮೆ ಮಾಡಬಲ್ಲ ಒಂದು ವಿಶೇಷ ಎಂಜಿನ್ನಿನಲ್ಲಿ ಈ ಪರೀಕ್ಷೆ ಇಂದಿಗೂ ನಡೆಯುತ್ತದೆ.

ಎರಡನೇ ಮಹಾಯುದ್ಧ ಈ ಅಂಕಿಯನ್ನು ಮನೆಮಾತಾಗಿಸಿತು. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳು ಹಾರಿದ್ದು 100 ಆಕ್ಟೇನ್ ಇಂಧನದಲ್ಲಿ. ಯುದ್ಧ ಮುಗಿದ ಮೇಲೆ ದೊಡ್ಡ ಎಂಜಿನ್‌ಗಳ ಕಾರುಗಳು ಬಂದವು. ಸೀಸವೂ ಅವುಗಳ ಸಂಗಡವೇ ಊರೂರು ಸುತ್ತಿತು.

ಸೈಲೆನ್ಸರಿನಿಂದ ಹೊರಬಿದ್ದ ಸೀಸ ಎಲ್ಲಿಗೂ ಹೋಗುವುದಿಲ್ಲ. ರಸ್ತೆಯ ಧೂಳಿನಲ್ಲಿ, ಕೊನೆಗೆ ಧೂಳಿನಲ್ಲಾಡುವ ಮಕ್ಕಳ ರಕ್ತದಲ್ಲಿ ಸೇರುತ್ತದೆ. ಭೂಮಿಯ ವಯಸ್ಸನ್ನು ನಿಖರವಾಗಿ ಲೆಕ್ಕಹಾಕಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ ಈ ಬಗ್ಗೆ ಎಚ್ಚರಿಸಿದರು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್, ಮಕ್ಕಳ ಹಾಲುಹಲ್ಲುಗಳಲ್ಲಿನ ಸೀಸವನ್ನು ಅಳೆದು, ಅದು ಹೆಚ್ಚಿದ್ದ ಮಕ್ಕಳು ಬುದ್ಧಿ ಪರೀಕ್ಷೆಯಲ್ಲಿ ಹಿಂದುಳಿದಿರುವುದನ್ನು ತೋರಿಸಿದರು. ಆದರೂ ಅಮೆರಿಕದಲ್ಲಿ 1970ರ ದಶಕದಲ್ಲಿ ಸೀಸರಹಿತ ಪೆಟ್ರೋಲು ಬರಲು ತಕ್ಷಣದ ಕಾರಣ ಮಕ್ಕಳಲ್ಲ. ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನ ಸೀಸ ತಗಲಿದರೆ ಕೆಟ್ಟುಹೋಗುತ್ತಿತ್ತು! ಮಕ್ಕಳಿಗಿಂತ ಮೊದಲು ಯಂತ್ರಕ್ಕೆ ರಕ್ಷಣೆ ಸಿಕ್ಕಿತು.

ನಮ್ಮಲ್ಲೂ ಅದೇ ಕ್ರಮ. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಲ್ಲಿ, ಕನ್ವರ್ಟರ್ ಇದ್ದ ಹೊಸ ಕಾರುಗಳಿಗಾಗಿ ಸೀಸರಹಿತ ಪೆಟ್ರೋಲು ಬಂತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಗೆ ಈ ನಗರವೂ ಸೇರಿದಂತೆ ಹಲವು ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಈ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರು. 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಸೀಸದ ಪೆಟ್ರೋಲು ನಿಂತಿತು. ಕಟ್ಟಕಡೆಗೆ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿದಾಗ ಜಗತ್ತಿನ ರಸ್ತೆಗಳಿಂದ ಅದು ಮರೆಯಾಯಿತು. ಸಣ್ಣ ಪಿಸ್ಟನ್ ವಿಮಾನಗಳ ಇಂಧನದಲ್ಲಿ ಮಾತ್ರ ಇನ್ನೂ ಉಳಿದಿದೆ.

ಸೀಸ ಹೋದ ಜಾಗಕ್ಕೆ ಈಗ ಬಂದಿರುವುದು ಯಾವುದು? 1920ರ ದಶಕದಲ್ಲಿ ಬದಿಗೆ ಸರಿಸಿದ್ದ ಅದೇ ಆಲ್ಕೋಹಾಲು. ಮಂಡ್ಯ, ಬೆಳಗಾವಿ ಸೀಮೆಯ ಕಬ್ಬಿನ ಕಾಕಂಬಿಯಿಂದಲೂ ಇಳಿಯುವ ಎಥನಾಲು. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. 2020ರಲ್ಲಿ ಭಾರತ್ ಸ್ಟೇಜ್ 6 ಬಂದಾಗ ಸಾದಾ ಪೆಟ್ರೋಲಿಗೆ ಕನಿಷ್ಠ 91 ಆಕ್ಟೇನ್ ನಿಗದಿಯಾಗಿತ್ತು. ಈ ಹೊಸ ಮಿಶ್ರಣಕ್ಕೆ 95. ಎಥನಾಲಿನ ಆಕ್ಟೇನ್ ನೂರನ್ನೂ ಮೀರಿದ್ದು, ಆದರೆ ಒಂದು ಲೀಟರಿನಲ್ಲಿ ಅದರ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆಕ್ಟೇನ್ ಏರಿದರೂ ಮೈಲೇಜು ಸ್ವಲ್ಪ ಇಳಿಯುವುದೇತಕ್ಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಂಕಿ ಶಕ್ತಿಯದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಬಂಕಿನ ಹುಡುಗನಿಗೆ ಏನು ಹೇಳಬೇಕು? ಕಾರಿನ ಜೊತೆ ಬಂದ ಕೈಪಿಡಿಯಲ್ಲೋ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲೋ ಬೇಕಾದ ಕನಿಷ್ಠ ಅಂಕಿ ನಮೂದಾಗಿರುತ್ತದೆ. 91 ಸಾಕೆಂದಿದ್ದರೆ 100 ಹಾಕಿಸುವುದು, ಹತ್ತು ಕಿಲೋ ಹೊರುವ ಚೀಲಕ್ಕೆ ಐವತ್ತು ಕಿಲೋ ತಾಳುವ ಹಗ್ಗ ಕೊಂಡಂತೆ. ಅಮೆರಿಕದ ಮೋಟಾರು ಸಂಘ ‘ಎಎಎ’ 2016ರಲ್ಲಿ ಪರೀಕ್ಷಿಸಿದಾಗ, ಸಾದಾ ಪೆಟ್ರೋಲಿಗೆಂದು ಮಾಡಿದ ಕಾರುಗಳಿಗೆ ಪ್ರೀಮಿಯಂನಿಂದ ಗಮನಾರ್ಹ ಲಾಭ ಕಾಣಲಿಲ್ಲ. ಅಲ್ಲಿನ ಜನ ಒಂದೇ ವರ್ಷದಲ್ಲಿ ಹೀಗೆ ಸುಮ್ಮನೆ ಚೆಲ್ಲಿದ ಹಣ 210 ಕೋಟಿ ಡಾಲರ್ ಎಂದು ಅದು ಅಂದಾಜು ಮಾಡಿತು. ಇನ್ನು ಕೆಲವು ಟರ್ಬೊ ಮತ್ತು ದುಬಾರಿ ಕಾರುಗಳು ಹೆಚ್ಚಿನ ಆಕ್ಟೇನನ್ನೇ ಕೇಳುತ್ತವೆ. ಅವುಗಳಿಗೆ ಕಡಿಮೆಯದು ಹಾಕಿದರೆ ಬಡಿತ ಗ್ರಹಿಸುವ ಸಾಧನ ಕಿಡಿಯನ್ನು ತಡಮಾಡಿ ಎಂಜಿನ್ ಉಳಿಸುತ್ತದೆ, ಆದರೆ ಪಿಕಪ್ಪೂ ಮೈಲೇಜೂ ತಗ್ಗುತ್ತವೆ. ಅಂಥ ಕಾರಿನವರು ಜಿಪುಣತನ ಮಾಡಬಾರದು. ಪ್ರೀಮಿಯಂನಲ್ಲಿ ಎಂಜಿನ್ ಸ್ವಚ್ಛವಾಗಿಡುವ ರಾಸಾಯನಿಕ ಇರುವುದುಂಟು, ಅದು ಆಕ್ಟೇನಿಗೆ ಸಂಬಂಧಿಸಿದ ಮಾತಲ್ಲ. ಹಳೆಯ ಗಾಡಿಯವರು ಆಕ್ಟೇನಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಶೇಕಡ 20ರ ಎಥನಾಲನ್ನು ತಮ್ಮ ಗಾಡಿಯ ರಬ್ಬರ್ ಪೈಪು, ಸೀಲುಗಳು ತಡೆಯುತ್ತವೆಯೇ ಎಂಬುದನ್ನು. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿದರೆ ತಿಳಿಯುತ್ತದೆ.

ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿ 87 ಹಾಕಿಸುತ್ತೇವೆ ಎಂದರೆ, ನಮ್ಮದಕ್ಕಿಂತ ಕೀಳು ಪೆಟ್ರೋಲು ಎಂದುಕೊಳ್ಳಬೇಕಿಲ್ಲ. ಅವರು ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ, ನಾವು ಅವುಗಳಲ್ಲಿ ದೊಡ್ಡದನ್ನು ಬರೆಯುತ್ತೇವೆ. ಅಲ್ಲಿನ 87 ಹೆಚ್ಚುಕಡಿಮೆ ಇಲ್ಲಿನ 91.