ಗ್ರೀನ್ ಗಾಬ್ಲಿನ್ (ಸ್ಪೈಡರ್-ಮ್ಯಾನ್: ಇಂಡಿಯಾ)

ಗ್ರೀನ್ ಗಾಬ್ಲಿನ್ ಅಥವಾ ನಳಿನ್ ಒಬೆರಾಯ್ 'ಸ್ಪೈಡರ್-ಮ್ಯಾನ್: ಇಂಡಿಯಾ' ಎಂಬ ಚಿತ್ರಕಥಾ ಮಾಲಿಕೆಯ ಪ್ರಧಾನ ಖಳನಾಯಕ. ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಸಂಸ್ಥೆಯ ಪ್ರಸಿದ್ಧ ಖಳಪಾತ್ರವಾದ ನಾರ್ಮನ್ ಆಸ್ಬಾರ್ನನ ಭಾರತೀಯ ರೂಪ ಇದು. ಮೂಲ ಪಾತ್ರವು ರಸಾಯನಶಾಸ್ತ್ರ ಬಲ್ಲ ಉದ್ಯಮಿಯಾಗಿದ್ದು, ಪ್ರಯೋಗವೊಂದರ ಅವಘಡದಿಂದ ಮತಿಗೆಟ್ಟು ದುಷ್ಟನಾಗುತ್ತದೆ. ಭಾರತೀಯ ಪಾತ್ರವಾದರೋ ಪುರಾತನ ತಾಯಿತವೊಂದರ ಶಕ್ತಿಯಿಂದ ರಾಕ್ಷಸನಾಗಿ ಮಾರ್ಪಡುತ್ತದೆ. ವಿಜ್ಞಾನದ ಸ್ಥಾನದಲ್ಲಿ ಮಂತ್ರಶಕ್ತಿಯನ್ನು ತಂದಿರುವುದೇ ಎರಡು ಪಾತ್ರಗಳ ನಡುವಿನ ಮುಖ್ಯ ವ್ಯತ್ಯಾಸ.

ಸೃಷ್ಟಿ ಮತ್ತು ಪ್ರಕಟಣೆ

ಈ ಮಾಲಿಕೆಯನ್ನು ಗೋಥಮ್ ಎಂಟರ್‌ಟೈನ್‌ಮೆಂಟ್ ಗ್ರೂಪ್ ಸಂಸ್ಥೆಯು ಮಾರ್ವೆಲ್‌ನ ಅನುಮತಿಯೊಂದಿಗೆ ರೂಪಿಸಿತು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಜೀವನ್ ಜೆ. ಕಾಂಗ್ ಇದರ ಕರ್ತೃಗಳು. ಚಿತ್ರಗಳನ್ನು ರಚಿಸಿದವರು ಜೀವನ್ ಕಾಂಗ್. ನಾಲ್ಕು ಸಂಚಿಕೆಗಳ ಈ ಕಥೆಯು 2004ರಲ್ಲಿ ಭಾರತದಲ್ಲಿಯೂ 2005ರಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಯಿತು.

ಈ ತಂಡಕ್ಕೆ ಕರ್ನಾಟಕದೊಂದಿಗೆ ನಿಕಟ ಸಂಬಂಧವಿದೆ. ದೇವರಾಜನ್ ಮತ್ತು ಸೀತಾರಾಮನ್ ಅವರು 2006ರಲ್ಲಿ ಇತರರೊಡಗೂಡಿ ಸ್ಥಾಪಿಸಿದ ವರ್ಜಿನ್ ಕಾಮಿಕ್ಸ್ ಸಂಸ್ಥೆಯ ಚಿತ್ರಶಾಲೆ ಬೆಂಗಳೂರಿನಲ್ಲಿತ್ತು. ಆ ಸಂಸ್ಥೆಯೇ 2008ರಲ್ಲಿ ಲಿಕ್ವಿಡ್ ಕಾಮಿಕ್ಸ್ ಎಂಬ ಹೆಸರನ್ನು ಪಡೆಯಿತು.

ವಿದೇಶಿ ಕಥೆಯನ್ನು ಕೇವಲ ಭಾಷಾಂತರಿಸದೆ, ಇಲ್ಲಿನ ಸಂಸ್ಕೃತಿಗೆ ಹೊಂದುವಂತೆ ಮರುಸೃಷ್ಟಿಸುವುದು ಕರ್ತೃಗಳ ಉದ್ದೇಶವಾಗಿತ್ತು. ಅದರಂತೆ ಪೀಟರ್ ಪಾರ್ಕರ್ ಪವಿತ್ರ್ ಪ್ರಭಾಕರ್ ಆದನು. ಚಿಕ್ಕಪ್ಪ ಬೆನ್ ಭೀಮ್ ಆದನು. ಚಿಕ್ಕಮ್ಮ ಮೇ ಮಾಯಾ ಆದಳು. ಮೇರಿ ಜೇನ್ ಮೀರಾ ಜೈನ್ ಆದಳು. ನ್ಯೂಯಾರ್ಕ್ ನಗರದ ಸ್ಥಾನವನ್ನು ಮುಂಬಯಿ ಪಡೆಯಿತು.

ಮೂಲ ಪಾತ್ರ

ಗ್ರೀನ್ ಗಾಬ್ಲಿನ್ ಪಾತ್ರವನ್ನು ಲೇಖಕ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಸೃಷ್ಟಿಸಿದರು. ಇದು ಮೊದಲು ಕಾಣಿಸಿಕೊಂಡದ್ದು 1964ರಲ್ಲಿ, 'ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್' ಪತ್ರಿಕೆಯ 14ನೆಯ ಸಂಚಿಕೆಯಲ್ಲಿ. ಮುಖವಾಡದ ಹಿಂದಿರುವವನು ಯಾರೆಂಬುದು ಎರಡು ವರ್ಷಗಳ ಕಾಲ ಗುಟ್ಟಾಗಿಯೇ ಉಳಿದು, 1966ರಲ್ಲಿ 39ನೆಯ ಸಂಚಿಕೆಯಲ್ಲಿ ಬಯಲಾಯಿತು.

ನಾರ್ಮನ್ ಆಸ್ಬಾರ್ನನು ತನ್ನ ಪಾಲುದಾರನಾಗಿದ್ದ ಪ್ರಾಧ್ಯಾಪಕ ಸ್ಟ್ರಾಮ್‌ನನ್ನು ಸೆರೆಮನೆಗೆ ಕಳುಹಿಸಿ, ಅವನ ಸಂಶೋಧನೆಯನ್ನು ತನ್ನದಾಗಿಸಿಕೊಳ್ಳುತ್ತಾನೆ. ಆ ಸೂತ್ರದಂತೆ ತಯಾರಿಸಿದ ದ್ರಾವಣವು ಹಸಿರು ಬಣ್ಣಕ್ಕೆ ತಿರುಗಿ ಸ್ಫೋಟಿಸುತ್ತದೆ. ಅದರಿಂದ ಆಸ್ಬಾರ್ನನ ಬುದ್ಧಿಶಕ್ತಿ ಹೆಚ್ಚುತ್ತದೆ, ವಿವೇಕ ನಾಶವಾಗುತ್ತದೆ. ಆದರೆ ಈ ಮೂಲ ಕಥೆಯಲ್ಲಿ ಅವನ ದೇಹ ವಿಕಾರವಾಗುವುದಿಲ್ಲ. ಗಾಬ್ಲಿನ್ ರೂಪವು ಮುಖವಾಡ ಮತ್ತು ಉಡುಪಿನಿಂದ ಬಂದದ್ದು. 2000ದಲ್ಲಿ ಆರಂಭವಾದ 'ಅಲ್ಟಿಮೇಟ್ ಸ್ಪೈಡರ್-ಮ್ಯಾನ್' ಮಾಲಿಕೆಯಲ್ಲಿ ಮಾತ್ರ ಆಸ್ಬಾರ್ನನ ದೇಹವೇ ದೈತ್ಯಾಕಾರವಾಗಿ ಬದಲಾಗುತ್ತದೆ.

ಕಥಾಸಾರ

ಪವಿತ್ರನು ವಿದ್ಯಾರ್ಥಿವೇತನ ಪಡೆದು ಹಳ್ಳಿಯಿಂದ ಮುಂಬಯಿಗೆ ಬಂದ ಹುಡುಗ. ಧೋತರ ಉಟ್ಟು ಶಾಲೆಗೆ ಬರುವ ಅವನನ್ನು ಸಹಪಾಠಿಗಳು ಹಾಸ್ಯಮಾಡುತ್ತಾರೆ. ಪಾತಕಲೋಕದ ಒಡೆಯನಾದ ಒಬೆರಾಯ್ ಅದೇ ನಗರದಲ್ಲಿ ಪುರಾತನ ತಾಯಿತವೊಂದನ್ನು ಪಡೆದು, ವಿಧಿಯೊಂದನ್ನು ಆಚರಿಸಿ ರಾಕ್ಷಸಶಕ್ತಿಯನ್ನು ತನ್ನೊಳಗೆ ಆವಾಹಿಸಿಕೊಳ್ಳುತ್ತಾನೆ. ಈ ಕೆಡುಕನ್ನು ಎದುರಿಸಲೆಂದು ವೃದ್ಧ ಯೋಗಿಯೊಬ್ಬನು ಪವಿತ್ರನಿಗೆ ಜೇಡದ ಶಕ್ತಿಯನ್ನು ಅನುಗ್ರಹಿಸುತ್ತಾನೆ.

ಶಕ್ತಿ ದೊರೆತ ಮೇಲೂ ಪವಿತ್ರನು ಕಷ್ಟದಲ್ಲಿದ್ದ ಹೆಣ್ಣೊಬ್ಬಳ ಕೂಗನ್ನು ಕೇಳಿಯೂ ಕೇಳದಂತೆ ಹೊರಟುಹೋಗುತ್ತಾನೆ. ಆಕೆಯನ್ನು ರಕ್ಷಿಸಲು ಹೋದ ಚಿಕ್ಕಪ್ಪ ಭೀಮ್ ದುಷ್ಕರ್ಮಿಗಳಿಂದ ಹತನಾಗುತ್ತಾನೆ. ಅಲ್ಲಿಂದ ಮುಂದೆ ತನ್ನ ಶಕ್ತಿಯನ್ನು ಹೊಣೆಯರಿತು ಬಳಸುವುದು ಪವಿತ್ರನ ವ್ರತವಾಗುತ್ತದೆ.

ಒಬೆರಾಯ್ ಸೌಮ್ಯ ಸ್ವಭಾವದ ವೈದ್ಯನೊಬ್ಬನನ್ನೂ ತನ್ನ ಶಕ್ತಿಯಿಂದ ಮಾರ್ಪಡಿಸಿ, ಡಾಕ್ಟರ್ ಆಕ್ಟೋಪಸ್ ಎಂಬ ರಾಕ್ಷಸನನ್ನಾಗಿಸುತ್ತಾನೆ. ಇತರ ರಾಕ್ಷಸರೂ ಭೂಮಿಗೆ ನುಗ್ಗಲು ದಾರಿ ತೆರೆಯುವುದು ಅವನ ಗುರಿ. ಅಂತಿಮ ಹೋರಾಟದಲ್ಲಿ ಆ ದುಷ್ಟಶಕ್ತಿಯು ಪವಿತ್ರನನ್ನೇ ವಶಪಡಿಸಿಕೊಳ್ಳಲು ಯತ್ನಿಸುತ್ತದೆ. ಅವನು ಚಿಕ್ಕಪ್ಪನ ಮಾತನ್ನು ನೆನೆದು ಅದನ್ನು ತಿರಸ್ಕರಿಸುತ್ತಾನೆ, ಗಾಬ್ಲಿನ್ ಸೋಲುತ್ತಾನೆ.

ರೂಪಾಂತರದ ಸ್ವರೂಪ

ತನ್ನ ಪ್ರಯೋಗದಿಂದ ತಾನೇ ವಿಕಾರಗೊಳ್ಳುವ ವಿಜ್ಞಾನಿಯ ಕಲ್ಪನೆಗೆ ಪ್ರಸಿದ್ಧ ಮಾದರಿ, ರಾಬರ್ಟ್ ಲೂಯಿ ಸ್ಟೀವನ್‌ಸನ್ 1886ರಲ್ಲಿ ಪ್ರಕಟಿಸಿದ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಕಥೆ. ಕಾಮಿಕ್ಸ್‌ನಲ್ಲಿ ಈ ಬಗೆಯ ಪಾತ್ರಗಳು ಹಲವು. 1963ರಲ್ಲಿ ಬಂದ ಲಿಜಾರ್ಡ್ ಪಾತ್ರದ ಡಾಕ್ಟರ್ ಕರ್ಟ್ ಕಾನರ್ಸ್ ಕಳೆದುಕೊಂಡ ತೋಳನ್ನು ಮರಳಿ ಪಡೆಯಲು ಹೋಗಿ ಹಲ್ಲಿಯ ರೂಪ ತಳೆಯುತ್ತಾನೆ. 1970ರಲ್ಲಿ ಬಂದ ಮ್ಯಾನ್-ಬ್ಯಾಟ್ ಪಾತ್ರದ ಕರ್ಕ್ ಲ್ಯಾಂಗ್‌ಸ್ಟ್ರಾಮ್ ಬಾವಲಿಯ ರೂಪ ತಳೆಯುತ್ತಾನೆ. ಇಂತಹ ಕಥೆಗಳಲ್ಲಿ ರೂಪದೊಂದಿಗೆ ಮನಸ್ಸೂ ಕೆಡುತ್ತದೆ. ಮನುಷ್ಯರೂಪಕ್ಕೆ ಮರಳಿದಾಗ ಪಶ್ಚಾತ್ತಾಪ ಪಡುವ ಕಾನರ್ಸ್‌ನಂಥವರು ಓದುಗರ ಕನಿಕರಕ್ಕೂ ಪಾತ್ರರಾಗುತ್ತಾರೆ.

ಭಾರತೀಯ ಪುರಾಣಗಳ ರೂಪಾಂತರ ಸಾಮಾನ್ಯವಾಗಿ ಬೇರೆ ಬಗೆಯದು. ಅಲ್ಲಿನ ಅಸುರರು ಕಾಮರೂಪಿಗಳು, ಎಂದರೆ ಇಚ್ಛೆ ಬಂದ ರೂಪವನ್ನು ತಳೆಯಬಲ್ಲವರು. ರೂಪ ಬದಲಾದರೂ ಅವರ ಸ್ವಭಾವ ಬದಲಾಗುವುದಿಲ್ಲ. ಕರ್ನಾಟಕದ ಸ್ಥಳಪುರಾಣಗಳಲ್ಲಿ ಇದಕ್ಕೆ ನಿದರ್ಶನಗಳಿವೆ. ಬಾದಾಮಿಗೆ ವಾತಾಪಿ ಎಂಬ ಹೆಸರನ್ನು ತಂದ ಅಸುರನು ಟಗರಾಗಿ, ಅತಿಥಿಗಳಿಗೆ ಅಡುಗೆಯಾಗಿ, ಅಣ್ಣ ಇಲ್ವಲನು ಕರೆದೊಡನೆ ಅವರ ಹೊಟ್ಟೆ ಸೀಳಿ ಹೊರಬರುತ್ತಿದ್ದನು. ಅಗಸ್ತ್ಯ ಋಷಿ ಅವನನ್ನು ಜೀರ್ಣಿಸಿಕೊಂಡನು. ಕಿಷ್ಕಿಂಧೆಯೆಂದು ನಂಬಲಾಗಿರುವ ಹಂಪಿ-ಆನೆಗೊಂದಿ ಪರಿಸರದ ಕಥೆಯಲ್ಲಿ ದುಂದುಭಿ ಎಂಬ ಅಸುರನು ಕೋಣನ ರೂಪದಲ್ಲಿ ಬಂದು ವಾಲಿಯನ್ನು ಕಾಳಗಕ್ಕೆ ಕರೆಯುತ್ತಾನೆ. ವಾಲಿ ಅವನನ್ನು ಕೊಂದು ಎಸೆದಾಗ ರಕ್ತದ ಹನಿಗಳು ಮತಂಗ ಋಷಿಯ ಆಶ್ರಮದಲ್ಲಿ ಬಿದ್ದವು. ಋಷಿಯ ಶಾಪದಿಂದ ವಾಲಿಗೆ ಆ ಪ್ರದೇಶ ನಿಷಿದ್ಧವಾಯಿತು. ಮುಂದೆ ಅಣ್ಣನಿಗೆ ಹೆದರಿ ಓಡಿದ ಸುಗ್ರೀವನಿಗೆ ಅದೇ ಆಶ್ರಯವಾಯಿತು. ಹಂಪಿಯ ಮತಂಗ ಪರ್ವತಕ್ಕೆ ಈ ಋಷಿಯ ಹೆಸರೇ ಇದೆ.

ಒಬೆರಾಯ್ ಈ ಎರಡು ಪರಂಪರೆಗಳ ನಡುವೆ ನಿಲ್ಲುವ ಪಾತ್ರ. ಅವನ ಆಕಾರ ಪುರಾಣದ ರಾಕ್ಷಸನದು; ಆದರೆ ಅವನು ಹುಟ್ಟಾ ರಾಕ್ಷಸನಲ್ಲ, ಅಧಿಕಾರದ ಆಸೆಯಿಂದ ಮನುಷ್ಯತ್ವವನ್ನು ಬಿಟ್ಟುಕೊಟ್ಟವನು. ಆಸ್ಬಾರ್ನನ ಪತನಕ್ಕೆ ಅನಿರೀಕ್ಷಿತ ಸ್ಫೋಟವೊಂದು ಕಾರಣವೆಂದು ಹೇಳಬಹುದು. ಒಬೆರಾಯ್‌ಗೆ ಆ ವಿನಾಯಿತಿ ಇಲ್ಲ. ಅವನು ರಾಕ್ಷಸನನ್ನು ತಾನಾಗಿಯೇ ಕರೆದುಕೊಂಡವನು. ಕೇಳದೆಯೇ ರೂಪ ಕಳೆದುಕೊಂಡ ವೈದ್ಯನ ಪಾತ್ರವು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. ಅದೇ ಶಕ್ತಿ ಎದುರಾದಾಗ ಪವಿತ್ರನು ಬೇಡವೆನ್ನುವುದರಿಂದ, ನಾಯಕ ಮತ್ತು ಖಳನಾಯಕರ ನಡುವಿನ ಅಂತರ ಶಕ್ತಿಯದಲ್ಲ, ಆಯ್ಕೆಯದು ಎಂಬುದು ಕಥೆಯಲ್ಲಿ ಸ್ಥಾಪಿತವಾಗುತ್ತದೆ.

ಈ ಬದಲಾವಣೆಯಿಂದ ಕಥೆಗೆ ಒಂದು ನಷ್ಟವೂ ಆಗಿದೆ. ವಿಜ್ಞಾನಿಯ ಹೊಣೆಗಾರಿಕೆ, ಪ್ರಯೋಗದ ಮಿತಿ, ಇನ್ನೊಬ್ಬರ ಸಂಶೋಧನೆಯ ಅಪಹರಣ ಎಂಬ ಆಸ್ಬಾರ್ನನ ಕಥೆಯ ಪ್ರಶ್ನೆಗಳಿಗೆ ತಾಯಿತದ ಕಥೆಯಲ್ಲಿ ಎಡೆಯಿಲ್ಲ.

ನಂತರದ ಬೆಳವಣಿಗೆ

ಮೂಲ ಮಾಲಿಕೆ ನಾಲ್ಕು ಸಂಚಿಕೆಗಳಿಗೆ ಮುಗಿದರೂ ಪವಿತ್ರ್ ಪ್ರಭಾಕರ್ ಪಾತ್ರ ಮುಂದುವರಿಯಿತು. 2014ರಲ್ಲಿ ಆರಂಭವಾದ 'ಸ್ಪೈಡರ್-ವರ್ಸ್' ಕಥಾಸರಣಿಯಲ್ಲಿಯೂ, 2023ರ 'ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಅನಿಮೇಷನ್ ಚಲನಚಿತ್ರದಲ್ಲಿಯೂ ಅವನು ಕಾಣಿಸಿಕೊಂಡನು. ಚಲನಚಿತ್ರದ ಇಂಗ್ಲಿಷ್ ಅವತರಣಿಕೆಯಲ್ಲಿ ಆ ಪಾತ್ರಕ್ಕೆ ಕರಣ್ ಸೋನಿ ಧ್ವನಿ ನೀಡಿದರು.