ಹೂಳೆತ್ತುವವರ ಚರಿತ್ರೆ

ಬೆಂಗಳೂರಿನಿಂದ ಹಾಸನದ ಬಸ್ಸು ಹಿಡಿದರೆ ದಾರಿಯಲ್ಲಿ ಕುಣಿಗಲ್ ಸಿಗುತ್ತದೆ. ಅಲ್ಲಿನ ಕೆರೆಯ ಮೇಲಿನ ಜನಪದ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ಆದರೆ ಕೆರೆ ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುವ ವಸ್ತುವಲ್ಲ. ಪ್ರತಿ ಮಳೆಗಾಲವೂ ನೀರಿನ ಜೊತೆ ಹೂಳನ್ನು ತರುತ್ತದೆ. ಹಿಂದಿನವರಿಗೆ ಇದು ಗೊತ್ತಿತ್ತು. ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಬರುವುದು ಕೆರೆಯನ್ನು ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಯನ್ನು ಕುರಿತು. ಹೂಳೆತ್ತುವ ಬಂಡಿಗೂ ಕೋಣಕ್ಕೂ ದತ್ತಿ ಬಿಟ್ಟವರಿದ್ದಾರೆ. ತೂಬು ತೆರೆದು ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಇದ್ದ. ಈ ನಿತ್ಯದ ಆರೈಕೆಗೆ ನಮ್ಮ ಆಡಳಿತದ ಕನ್ನಡದಲ್ಲಿ ಇರುವ ಹೆಸರು ಮರಾಮತ್ತು. ಅರಬ್ಬಿಯಿಂದ ಪಾರಸಿ, ಉರ್ದುಗಳ ಮೂಲಕ ಬಂದ ಮಾತು. ತುಮಕೂರಿನ ಅಮಾನಿಕೆರೆಯ ‘ಅಮಾನಿ’ ಕೂಡ ಅದೇ ದಾರಿಯಲ್ಲಿ ಬಂದದ್ದು.

ಕೆರೆಯ ಮಾತು ಏಕೆ ಬಂತೆಂದರೆ, ನಮ್ಮ ಕಾಲದಲ್ಲೂ ಊರೊಟ್ಟಿನ ಕೆರೆಯೊಂದಿದೆ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಒಳಗಿನ ಬರಹವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಇದಕ್ಕೆ ಗುದ್ದಲಿ ಹಾಕಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದರು. ಆಂಡ್ರಾಯ್ಡ್ ಫೋನುಗಳ ತಳದಲ್ಲಿ ಇರುವುದು ಅದೇ.

ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲೇ ಕಲಿತ ನಮಗೆ ಈ ಕೆರೆಯಲ್ಲಿ ಹೆಚ್ಚು ಪ್ರೀತಿಯದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ಪಾರಸಿಯಲ್ಲಿ ತೆರೆದದ್ದು. ಕನ್ನಡದ ಒತ್ತಕ್ಷರವನ್ನು ಮೂಲಾಕ್ಷರದ ಕೆಳಗೆ ಕೂರಿಸುವುದೂ ನಸ್ತಾಲೀಕಿನ ಅಕ್ಷರಗಳನ್ನು ಒಂದರ ಹೆಗಲಿಗೊಂದು ಇಳಿಬಿಡುವುದೂ ಅದರ ಕೆಲಸ. ಇರಾನಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಬೆಹದಾದ್ ಎಸ್ಫಹಬೋದ್ ಇದರ ಮುಖ್ಯ ಕರ್ತೃ. ನಮ್ಮ ಎರಡೂ ಲಿಪಿಗಳು ಫೋನಿನಲ್ಲಿ ನೆಟ್ಟಗೆ ನಿಂತಿರುವುದು ಬೆರಳೆಣಿಕೆಯ ಜನರ ದುಡಿಮೆಯಿಂದ. ಕನ್ನಡದಲ್ಲಿ ‘ಗುಬ್ಬಿ’ ಎಂಬ ಮುಕ್ತ ಫಾಂಟೇ ಇದೆ. ಗುಬ್ಬಿ ತಾಲ್ಲೂಕಿನವರು ಹಿಗ್ಗಬೇಕಾಗಿಲ್ಲ, ಜೊತೆಗೆ ‘ನವಿಲು’ ಎಂಬ ಫಾಂಟೂ ಇರುವುದರಿಂದ ಅದು ಹಕ್ಕಿಯ ಹೆಸರೇ ಇರಬೇಕು.

ಇಲ್ಲಿ ನೀರುಗಂಟಿಯ ಕೆಲಸ ಮಾಡುವವರಿಗೆ ಮೇಂಟೇನರ್ ಎನ್ನುತ್ತಾರೆ. ಎಲ್ಲಿಂದಲೋ ಒಬ್ಬ ಅಪರಿಚಿತ ‘ಈ ಸಾಲನ್ನು ಹೀಗೆ ಬದಲಿಸಿ’ ಎಂದು ಕಳಿಸುತ್ತಾನೆ. ಮೇಂಟೇನರ್ ಅದನ್ನು ಓದಿ, ಪರೀಕ್ಷಿಸಿ, ಒಪ್ಪಬೇಕು ಅಥವಾ ಕಾರಣ ಹೇಳಿ ತಿರಸ್ಕರಿಸಬೇಕು. ಅನೇಕರು ಸಂಬಳವಿಲ್ಲದೆ, ನೌಕರಿ ಮುಗಿಸಿ ಬಂದು ರಾತ್ರಿ ಹೊತ್ತು ಮಾಡುವ ಕೆಲಸವಿದು. ಇವರಿಗೆ ಬಿತ್ತುವಟ್ಟವಿಲ್ಲ. ಇಷ್ಟು ವರ್ಷ ಇದು ನಡೆದದ್ದು ಏಕೆಂದರೆ ಬರೆಯುವುದಕ್ಕೂ ಶ್ರಮವಿತ್ತು. ಆ ಶ್ರಮವೇ ಜರಡಿಯಾಗಿತ್ತು.

ಆ ಜರಡಿ ಹರಿದರೆ ಏನಾಗುತ್ತದೆಂದು ಕನ್ನಡ ಮೊದಲೇ ನೋಡಿದೆ. ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಕೆಲವು ವರ್ಷಗಳ ನಂತರ ಗೂಗಲ್ ಕಂಪನಿ ಯಂತ್ರದ ನೆರವಿನ ಅನುವಾದ ಸಲಕರಣೆಯನ್ನು ಅನುವಾದಕರಿಗೆ ಕೊಟ್ಟು, ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ತರಿಸಿತು. ಅರಬ್ಬಿ, ಭಾರತೀಯ ಭಾಷೆಗಳು, ಸ್ವಾಹಿಲಿ ಎಲ್ಲ ಸೇರಿ 1 ಕೋಟಿ 60 ಲಕ್ಷ ಪದಗಳಾದವೆಂದು 2010ರಲ್ಲಿ ಪ್ರಕಟಿಸಿತು. ಲೇಖನಗಳ ಸಂಖ್ಯೆ ಏರಿತು. ಓದಲು ಹೋದರೆ ಪದಗಳು ಕನ್ನಡದವು, ಬೆನ್ನೆಲುಬು ಇಂಗ್ಲಿಷಿನದು. ತಿದ್ದಬೇಕಾದವರು ಮಾತ್ರ ಆಗಲೂ ಹಿಡಿಯಷ್ಟು ಸ್ವಯಂಸೇವಕರು. ತಮಿಳಿನವರು ಇದೇ ತಕರಾರನ್ನು ಅದೇ ವರ್ಷ ಪೋಲೆಂಡಿನಲ್ಲಿ ನಡೆದ ವಿಕಿಮೇನಿಯಾ ಸಮ್ಮೇಳನಕ್ಕೆ ಒಯ್ದರು. ನಾವು ಒಯ್ದ ನೆನಪಿಲ್ಲ.

ಇನ್ನೊಂದು ಮುನ್ಸೂಚನೆ ಬಂದದ್ದು 2020ರ ಅಕ್ಟೋಬರಿನಲ್ಲಿ. ಮುಕ್ತ ತಂತ್ರಾಂಶಕ್ಕೆ ನಾಲ್ಕು ಬದಲಾವಣೆ ಕಳಿಸಿದವರಿಗೆ ಟೀ ಶರ್ಟ್ ಕೊಡುವ ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಉತ್ಸವವಿತ್ತು. ಒಂದು ಪದ ಸೇರಿಸಿ, ಒಂದು ಚುಕ್ಕಿ ಅಳಿಸಿ ಕಳಿಸಿದವರ ಪ್ರವಾಹವೇ ಬಂತು. ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳು ಬಹಳ. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿಸಬೇಕಾಯಿತು.

ಆಗ ಕೈಯಲ್ಲಾದರೂ ಬರೆಯುತ್ತಿದ್ದರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅದೂ ಬೇಡವಾಯಿತು. ಹೆಚ್ಚು ನೊಂದವರಲ್ಲಿ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಒಬ್ಬರು. 1998ರಿಂದ ಅವರು ನೋಡಿಕೊಂಡು ಬಂದಿರುವ ‘ಕರ್ಲ್’ ಫೋನು, ಟಿವಿ, ಕಾರುಗಳಲ್ಲೆಲ್ಲ ಇದೆ. ಅದರಲ್ಲಿ ಭದ್ರತೆಯ ಲೋಪ ಹಿಡಿದವರಿಗೆ 2019ರಿಂದ ಬಹುಮಾನವಿತ್ತು. ಯಂತ್ರದಿಂದ ಬರೆಸಿದ, ಇಲ್ಲದ ಲೋಪಗಳ ಬಗ್ಗೆ ಗಂಭೀರ ಭಾಷೆಯ ಉದ್ದುದ್ದ ವರದಿಗಳು ಬರತೊಡಗಿದವು. 2025ರ ಜುಲೈನಲ್ಲಿ ಅವರು ಕೊಟ್ಟ ಲೆಕ್ಕದಂತೆ ಸುಮಾರು ಶೇ. 20 ವರದಿಗಳು ಇಂಥವು, ನಿಜವಾದ ಲೋಪ ಹೇಳಿದವು ಶೇ. 5ರಷ್ಟು. ಓದಬೇಕಾದವರು ಏಳು ಜನ. ಇಂಗ್ಲಿಷಿನಲ್ಲಿ ಇಂಥದಕ್ಕೆ ‘ಸ್ಲಾಪ್’ ಎನ್ನುತ್ತಾರೆ, ನಮ್ಮ ಕಲಗಚ್ಚು. ಕಲಗಚ್ಚನ್ನು ಎಮ್ಮೆಯಾದರೂ ಕುಡಿಯುತ್ತದೆ. 2026ರ ಜನವರಿ ಕೊನೆಗೆ ಬಹುಮಾನ ನಿಂತಿತು. ಅದರಿಂದ ಪ್ರಾಮಾಣಿಕರಿಗೂ ನಷ್ಟವೇ.

ತಪ್ಪು ಯಂತ್ರದ್ದೆಂದು ನಾವು ಹೇಳುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಂಶೋಧಕನೊಬ್ಬ ಎಐ ಸಲಕರಣೆಗಳಿಂದಲೇ ಕರ್ಲ್‌ನಲ್ಲಿ ನಿಜವಾದ ದೋಷಗಳ ದೊಡ್ಡ ಪಟ್ಟಿ ಹಿಡಿದಾಗ ಇದೇ ಸ್ಟೆನ್‌ಬರ್ಗ್ ಮೆಚ್ಚಿದರು. ಆತ ಕಳಿಸುವ ಮೊದಲು ಓದಿದ್ದ, ಅಷ್ಟೇ ವ್ಯತ್ಯಾಸ.

ಕಾಯುವವನು ದಣಿದರೆ ಏನಾಗುತ್ತದೆಂಬುದು 2024ರ ಮಾರ್ಚಿನಲ್ಲಿ ಗೊತ್ತಾಯಿತು. ಎಕ್ಸ್‌ಜೆಡ್ ಎಂಬ ತಂತ್ರಾಂಶಕ್ಕೆ ಇದ್ದವರು ಒಬ್ಬರೇ ಮೇಂಟೇನರ್. ಬಳಲಿದ್ದ ಅವರಿಗೆ ನೆರವಾಗುತ್ತ ಎರಡು ವರ್ಷ ನಂಬಿಕೆ ಗಳಿಸಿದ ಅಪರಿಚಿತನೊಬ್ಬ ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿತ್ತು. ಅಲ್ಲಿ ಎಐ ಇತ್ತೆಂದು ಯಾರೂ ಹೇಳಿಲ್ಲ. ಆದರೆ ಏರಿಯಲ್ಲಿ ಬಿರುಕು ಬಿಡುವ ಜಾಗ ಯಾವುದೆಂದು ಅದು ತೋರಿಸಿತು.

ನಮ್ಮ ಅಕ್ಕನ ಮಗ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಹೋದ ವರ್ಷ ಎಐನಿಂದ ಬರೆಸಿದ ಒಂದು ಬದಲಾವಣೆಯನ್ನು ಕಳಿಸಿ, ನೌಕರಿ ಅರ್ಜಿಯಲ್ಲಿ ಹಾಕಿಕೊಳ್ಳಬಹುದು ಎಂದು ಖುಷಿಯಲ್ಲಿದ್ದ. ಎರಡು ದಿನದ ಮೇಲೆ ಮೇಂಟೇನರ್ ಸೌಜನ್ಯದಿಂದಲೇ ಕೇಳಿದರು: ಈ ಎರಡನೆಯ ಸಾಲು ಏಕೆ ಬೇಕು? ಹುಡುಗ ಆ ಪ್ರಶ್ನೆಯನ್ನೂ ಯಂತ್ರಕ್ಕೇ ಕೊಟ್ಟ. ಬಂದ ಉತ್ತರ ಅವನಿಗೇ ಅರ್ಥವಾಗಲಿಲ್ಲ. ನಮ್ಮ ಮುಂದೆ ಕೂತು, “ಏನಂತ ಬರೀಲಿ ಮಾಮೂ?” ಅಂದ. “ಗೊತ್ತಿಲ್ಲ ಅಂತ ಬರಿ” ಎಂದೆವು. ಬರೆದ, ಕಳಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡ. ಈಗ ಅದೇ ತಂತ್ರಾಂಶಕ್ಕೆ ಬೇರೆಯವರು ಕಳಿಸುವ ದೂರುಗಳನ್ನು ಓದಿ, ತನ್ನ ಲ್ಯಾಪ್‌ಟಾಪಿನಲ್ಲಿ ಅವು ನಿಜವೋ ಸುಳ್ಳೋ ನೋಡಿ ಬರೆಯುತ್ತಾನೆ. ರಂಜಾನಿನಲ್ಲಿ ಸಹರಿಗೆ ಎದ್ದಾಗಲೂ ಅದನ್ನೇ ಮಾಡುತ್ತಿದ್ದ. ಅವನಮ್ಮನಿಗೆ ಚಿಂತೆ, ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲವಂತಲ್ಲ ಎಂದು.