ಛತ್ರ, ಬಂಗಲೆ, ಲಾಡ್ಜು... ಮತ್ತು 'ಯಾರ ಪೈಕಿ?' ಅನ್ನೋ ಪ್ರಶ್ನೆ

ಭರತ ಹುಣ್ಣಿಮೆ ಹೊತ್ತಿಗೆ ನಮ್ಮ ಕಡೆ ಬಂದವರಿಗೆ ಗೊತ್ತಿರುತ್ತೆ, ಒಂದು ರೂಮು ಸಿಗೋದು ಎಷ್ಟು ಕಷ್ಟ ಅಂತ. ಮೊದಲು ಹಡಗಲಿ ತಾಲೂಕಿನ ಮೈಲಾರದಲ್ಲಿ ಕಾರ್ಣಿಕ. ಅದಾಗಿ ಕೆಲವು ದಿನಕ್ಕೆ ಕೊಟ್ಟೂರೇಶ್ವರನ ತೇರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರಿನ ಲಾಡ್ಜುಗಳು ತುಂಬಿ ತುಳುಕುತ್ತವೆ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಗೆಳೆಯನೂ ಇದೇ ಹೊತ್ತಿನಲ್ಲಿ ರಾತ್ರಿ ಹತ್ತು ಗಂಟೆಗೆ ಈ ಐದರಲ್ಲಿ ಒಂದೂರಿನಲ್ಲಿ ಬಸ್ಸಿಳಿದೆವು. (ಯಾವ ಊರು ಅನ್ನೋದು ಬೇಡ ಬಿಡಿ.) ಮೂರು ಲಾಡ್ಜು ಸುತ್ತಿದೆವು. ಎರಡರಲ್ಲಿ ರೂಮಿಲ್ಲ, ಇನ್ನೊಂದರಲ್ಲಿ ದಿನದ ರೇಟಿನ ಮೂರು ಪಟ್ಟು. 'ಮಠದ ಪೌಳಿಯಲ್ಲಿ ಮಲಗಿದ್ರಾಯ್ತು, ಯಾರೂ ಬ್ಯಾಡ ಅನ್ನಲ್ಲ' ಅಂದೆ ನಾನು. ಹೋದೆವು. ಒಳಗೆ ಕಂಬಳಿ ಹೊದ್ದು ಕೂತಿದ್ದ ಅಜ್ಜ ಬಹಳ ಪ್ರೀತಿಯಿಂದಲೇ ಕೇಳಿದರು: 'ಬರ್ರಿ ಬರ್ರಿ... ಎಲ್ಲಿಯವ್ರಪಾ? ಯಾರ ಪೈಕಿ?'

ನಾನು ಥಟ್ಟನೆ ಹೇಳಿದೆ. ಗೆಳೆಯ ಹೇಳಲಿಲ್ಲ. 'ಚಾ ಕುಡ್ದು ಬರ್ತೀನಿ' ಅಂತ ಹೊರಗೆ ಹೋದವನು ಬೆಳಗಿನ ತನಕ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೇ ಕೂತಿದ್ದ. ಬೆಳಿಗ್ಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಅವನು ಹೇಳಿದ್ದು ಒಂದೇ ಮಾತು: 'ನಂಗೆ ಲಾಡ್ಜೇ ವಾಸಿ ಮಾರಾಯ. ಅಲ್ಲಿ ರೊಕ್ಕ ಕೇಳ್ತಾರೆ ಅಷ್ಟೇ.'

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಪರಸ್ಥಳದಲ್ಲಿ ಒಂದು ರಾತ್ರಿ ಕಳೆಯೋಕೆ ನಮ್ಮ ಜನ ಏನೇನು ಬೆಲೆ ಕೊಟ್ಟಿದ್ದಾರೆ ಅಂತ ಹುಡುಕುತ್ತಾ ಹೋದೆ. ಅದೇ ಈ ಬರಹ.

ಮೊದಲು ಒಂದು ಮಾತು. ನಮ್ಮ ಕಡೆ 'ಹೋಟೆಲ್ಲು' ಅಂದರೆ ತಿನ್ನೋ ಜಾಗ, ಮಲಗೋ ಜಾಗ ಅಲ್ಲ. ಊಟಕ್ಕೆ ಖಾನಾವಳಿ, ಚಾಕ್ಕೆ ಹೋಟೆಲ್ಲು, ಮಲಗೋಕೆ ಲಾಡ್ಜು. ಈ ಲಾಡ್ಜು ತೀರಾ ಈಚಿನದು. ಹಿಂದೆ ಜನ ರಜೆಗೆ ಅಂತ ಊರು ಬಿಡುತ್ತಿರಲಿಲ್ಲ. ದೇವರಿಗೆ, ಸಂತೆಗೆ, ನಂಟರ ಮನೆಗೆ, ಕೋರ್ಟಿಗೆ ಹೋಗುತ್ತಿದ್ದರು. ಹೋದವರು ಬಂಡಿಯ ಕೆಳಗೆ, ಗುಡಿಯ ಪೌಳಿಯಲ್ಲಿ, ಚಾವಡಿಯಲ್ಲಿ, ಇಲ್ಲವೇ ಛತ್ರದಲ್ಲಿ ಮಲಗುತ್ತಿದ್ದರು.

ಹರಪನಹಳ್ಳಿ ತಾಲೂಕಿನ ಬಾಗಳಿಗೆ ಹೋಗಿದ್ದೀರಾ? ಅಲ್ಲಿಯ ಕಲ್ಲೇಶ್ವರ ಗುಡಿ ಚಾಲುಕ್ಯ ತೈಲಪನ ಕಾಲದ್ದು, ದುಗ್ಗಿಮಯ್ಯ ಅನ್ನುವವನು 987ರ ಹೊತ್ತಿಗೆ ಕಟ್ಟಿಸಿದ್ದು. ಆ ಕಾಲದ ದಾನಶಾಸನಗಳನ್ನು ಓದಿದರೆ ಭೂಮಿ ಬಿಟ್ಟದ್ದು ಬರೀ ದೇವರ ನೈವೇದ್ಯಕ್ಕಲ್ಲ ಅಂತ ತಿಳಿಯುತ್ತೆ. ತಪೋಧನರ ಊಟಕ್ಕೆ, ವಿದ್ಯಾರ್ಥಿಗಳಿಗೆ, ಸತ್ರಕ್ಕೆ, ದಾರಿಯ ಅರವಟ್ಟಿಗೆಗೆ ಕೂಡ ದತ್ತಿ ಇರುತ್ತಿತ್ತು. ಅಂದರೆ ಬಿಟ್ಟಿ ಊಟ, ಬಿಟ್ಟಿ ಮಲಗೋ ಜಾಗದ ಹಿಂದೆ ಯಾರದ್ದೋ ಹೊಲ ಇತ್ತು, ಆ ಹೊಲದಲ್ಲಿ ಯಾರದ್ದೋ ಬೆವರಿತ್ತು. ಬೆವರು ಸುರಿಸಿದವರಿಗೆಲ್ಲ ಆ ಸತ್ರದ ಬಾಗಿಲು ತೆರೆದಿರುತ್ತಿತ್ತು ಅಂತ ಹೇಳೋಕೆ ಬರಲ್ಲ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿಯ ಮುಖ್ಯ ಕಲೆಕ್ಟರ್ ಆದ. ನಮ್ಮ ಐದೂ ಊರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದವು. ಮದ್ರಾಸ್ ಸರ್ಕಾರ 1817ರ 7ನೇ ರೆಗ್ಯುಲೇಶನ್ ತಂದಾಗ ಅದರ ಹೆಸರಿನಲ್ಲೇ ಗುಡಿ, ಮಸೀದಿ, ಸೇತುವೆಗಳ ಜೊತೆ ಛತ್ರಗಳೂ ಇದ್ದವು! ದತ್ತಿ ಆದಾಯವನ್ನು ದಾನಿ ಹೇಳಿದ ಕೆಲಸಕ್ಕೇ ಬಳಸಬೇಕು, ಛತ್ರ ರಿಪೇರಿಯಾಗಬೇಕು ಅನ್ನೋದು ಅದರ ಉದ್ದೇಶ. 1884ರ ಲೋಕಲ್ ಬೋರ್ಡ್ ಕಾಯ್ದೆ ಬಂದ ಮೇಲೆ ಛತ್ರ, ಬಂಗಲೆಗಳನ್ನು ನೋಡಿಕೊಳ್ಳೋ ಕೆಲಸ ಬೋರ್ಡುಗಳ ತಲೆಗೆ ಬಿತ್ತು.

ಹೀಗೆ ಒಂದೇ ಸರ್ಕಾರದ ಕೆಳಗೆ ಎರಡು ಥರದ ಬಿಡಾರ ಆಯಿತು. ದೊರೆಗಳಿಗೆ, ಸಾಹೇಬರಿಗೆ ಬಂಗಲೆ: ಹೆಂಚು, ಜಗಲಿ, ಅಡುಗೆಯವ. ಉಳಿದವರಿಗೆ ಛತ್ರ. ಛತ್ರದೊಳಗೆ ಮತ್ತೆ ಯಾವ ಜಾತಿಗೆ ಯಾವ ಅಂಕಣ, ಯಾರು ಎಲ್ಲಿ ಒಲೆ ಹೂಡಬೇಕು ಅನ್ನೋ ಲೆಕ್ಕ. ಆ ಲೆಕ್ಕಕ್ಕೇ ಬಾರದವರು ಊರ ಹೊರಗಿನ ಕೇರಿ ಹುಡುಕಿಕೊಂಡು ಹೋಗಬೇಕು. ನಾವೀಗ 'ಐಬಿ' ಅಂತ ಕರೆಯೋ ಪ್ರವಾಸಿ ಮಂದಿರ ಆ ಬಂಗಲೆಯ ವಂಶದ್ದೇ. ಅಲ್ಲಿ ಜಾತಿ ಕೇಳಲ್ಲ, 'ಯಾರ ಕಡೆಯಿಂದ ಫೋನು?' ಅಂತಾರೆ :)

ಬದಲಾವಣೆ ನಿಧಾನವಾಗಿ ಬಂತು. 1924ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಒಂದು ಗೊತ್ತುವಳಿ ತಂದರು. ಸಾರ್ವಜನಿಕ ರಸ್ತೆ, ಬಾವಿ, ಕೆರೆ, ಕಚೇರಿಗಳಿಗೆ ಯಾವ ಜಾತಿಯವರು ಬಂದರೂ ತಡೆಯಬಾರದು ಅಂತ. ನಾವಾಗ ಮದ್ರಾಸಿನಲ್ಲೇ ಇದ್ದದ್ದರಿಂದ ಅದು ನಮ್ಮೂರಿಗೂ ಅನ್ವಯಿಸಿತು, ಕಾಗದದ ಮೇಲೆ. 1950ರ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ನೋಡಿ ನನಗೆ ಮೈ ಜುಂ ಅಂದಿತು. ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳಲ್ಲಿ ಇಟ್ಟ ಪಾತ್ರೆಯನ್ನು ಬಳಸದಂತೆ ಒಬ್ಬರನ್ನು ತಡೆಯೋದು ಅಪರಾಧ ಅಂತ ಅದರಲ್ಲಿ ಬರೆಯಬೇಕಾಗಿತ್ತು. ಒಂದು ಚೊಂಬಿಗೆ ಕಾನೂನು!

ಲಾಡ್ಜುಗಳು ಬಂದದ್ದು ಬಸ್ಸಿನ ಹಿಂದೆ. ಶೇಂಗಾ, ಹತ್ತಿ ವ್ಯಾಪಾರದವರು, ಔಷಧಿ ಕಂಪನಿಯವರು, ವರ್ಗವಾಗಿ ಬಂದ ಮೇಷ್ಟ್ರುಗಳು ಅದರ ಗಿರಾಕಿಗಳು. ಬಸ್ ಸ್ಟ್ಯಾಂಡಿನ ಎದುರು ಮೇಲ್ಮಹಡಿ, ಕೆಳಗೆ ಹೋಟೆಲ್ಲು, 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಬೋರ್ಡು. ಸೊಳ್ಳೆ, ಸೋರೋ ನಲ್ಲಿ, ಎಲ್ಲಾ ಉಂಟು. ಆದರೆ ರಿಜಿಸ್ಟರಿನಲ್ಲಿ ಹೆಸರು, ಊರು, ಬಂದ ಕಾರಣ ಇಷ್ಟೇ ಕಾಲಂ. 'ಪೈಕಿ' ಅನ್ನೋ ಕಾಲಂ ಇಲ್ಲ. ನನ್ನ ಗೆಳೆಯ ಹೇಳಿದ್ದು ಇದನ್ನೇ.

ಅತ್ತ ಛತ್ರ ಅನ್ನೋ ಮಾತಿನ ಅರ್ಥವೇ ಬದಲಾಯಿತು. ಈಗ ಛತ್ರ ಅಂದರೆ ಮದುವೆ ಛತ್ರ. ಹಸಿದು ಬಂದ ದಾರಿಹೋಕನಿಗೆ ಅಂತ ಇದ್ದ ಹೆಸರು ದಿನಕ್ಕೆ ಇಷ್ಟು ಬಾಡಿಗೆ ಅನ್ನೋ ಕಟ್ಟಡಕ್ಕೆ ಬಂದು ಕೂತಿದೆ.

ಹಾಗಂತ ಹಳೆಯದೆಲ್ಲಾ ಕೆಟ್ಟದ್ದು ಅಂತ ಬರೆದರೆ ಅದೂ ಸುಳ್ಳಾಗುತ್ತೆ. ಕೊಟ್ಟೂರ ತೇರಿಗೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಸಾವಿರಾರು ಜನ ಈಗಲೂ ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಮಜ್ಜಿಗೆ, ಚಿತ್ರಾನ್ನ, ಕಾಲಿಗೆ ಎಣ್ಣೆ, ಮಲಗೋಕೆ ಶಾಮಿಯಾನ ಕೊಡೋ ಜನ ಯಾರನ್ನೂ ಏನೂ ಕೇಳಲ್ಲ. ಉಪವಾಸವಿದ್ದ ದಲಿತ ಹೆಣ್ಣುಮಕ್ಕಳು ಆರತಿ ಬೆಳಗಿದ ಮೇಲೇ ಸ್ವಾಮಿ ತೇರಿಗೆ ಹೋಗೋದು ಅಲ್ಲಿಯ ಪದ್ಧತಿ. ಅಂಥ ಊರಿನ ಸೀಮೆಯಲ್ಲೇ ನನ್ನ ಗೆಳೆಯ ಬೆಂಚಿನ ಮೇಲೆ ರಾತ್ರಿ ಕಳೆದ. ಎರಡೂ ನಿಜ.

2021ರಲ್ಲಿ ನಮ್ಮದು ವಿಜಯನಗರ ಜಿಲ್ಲೆ ಆಯಿತು. ಹಂಪಿಗೆ ಬಂದವರು ಕಡಿಮೆ ಬೆಲೆಯ ರೂಮು ಹುಡುಕುತ್ತಾ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಗೂ ಬರಲಿ, ಖುಷಿಯೇ. ಆದರೆ ಅಗ್ಗದ ರೂಮು ಅಂದರೆ ಬರೀ ರೇಟು ಕಡಿಮೆ ಇದ್ದದ್ದಲ್ಲ, ಬಾಗಿಲಲ್ಲಿ ಸುಳ್ಳು ಹೇಳದೆ ಒಳಗೆ ಹೋಗಿ ಮಲಗೋಕೆ ಆಗೋದು ಅಂತ ನನಗೀಗ ಅನ್ಸುತ್ತೆ.

ಆ ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದು ರೂಢಿಯಿಂದ. ಸಿಟ್ಟು ಇರೋದು ನನ್ನ ಮೇಲೆ. ಅಷ್ಟು ಥಟ್ಟನೆ ಉತ್ತರ ಕೊಟ್ಟು, ಚಾಪೆ ಹಾಸಿ, ನಿದ್ದೆಯೂ ಮಾಡಿದೆನಲ್ಲಾ...

ನಿಮ್ಮೂರಲ್ಲಿ ಹಳೇ ಛತ್ರ ಇದೆಯಾ? ಅದರ ಬಾಗಿಲಲ್ಲಿ ಏನು ಕೇಳುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. ನೀವೂ ಬರೀರಿ.